ಹಳದಿ ಚಹಾದಲ್ಲಿ ಊರಿನ ಪಾಲೆಷ್ಟು?

ಷೆನ್‌ಜೆನ್‌ನಲ್ಲಿ ಕೆಲಸ ಮಾಡುವ ಗೆಳೆಯ ರಜೆಗೆ ಬಂದಾಗ ಅಂಗೈಯಗಲದ ಎರಡು ಡಬ್ಬಿಗಳನ್ನು ತಂದುಕೊಟ್ಟ. ಒಂದರಲ್ಲಿ ಹುನಾನ್ ಪ್ರಾಂತ್ಯದ ಜುನ್‌ಶಾನ್ ಯಿನ್‌ಜೆನ್, ಇನ್ನೊಂದರಲ್ಲಿ ಅನ್‌ಹುಯಿ ಪ್ರಾಂತ್ಯದ ಹುವೊಶಾನ್ ಹುವಾಂಗ್ಯಾ (ಹುವಾಂಗ್ಯಾ ಎಂದರೆ ‘ಹಳದಿ ಕುಡಿ’). ಎರಡೂ ಚೀನಾದ ಹೆಸರಾಂತ ಹಳದಿ ಚಹಾಗಳು. ‘ಇದಕ್ಕೆ ಹಾಲು ಹಾಕಿದ್ದು ಗೊತ್ತಾದರೆ ನಿಮ್ಮ ಮನೆಗೆ ಮತ್ತೆ ಕಾಲಿಡುವುದಿಲ್ಲ’ ಎಂದು ಹೇಳಿಯೇ ಹೋದ.

ಕುದಿಸಿದ ನೀರನ್ನು ಸ್ವಲ್ಪ ಆರಲು ಬಿಟ್ಟು ಎರಡು ಗಾಜಿನ ಲೋಟಗಳಿಗೆ ಸುರಿದೆ. ಜುನ್‌ಶಾನ್‌ನ ಕುಡಿಗಳು ಮೊದಲು ಅಡ್ಡಡ್ಡ ತೇಲಿದವು. ಒಂದೆರಡು ನಿಮಿಷದಲ್ಲಿ ತೊಟ್ಟಿನ ಕಡೆ ನೀರು ಹೀರಿ ಭಾರವಾಗಿ, ಒಂದೊಂದೇ ನೆಟ್ಟಗಾಗಿ ಕೆಳಗಿಳಿದು, ಭತ್ತದ ಸಸಿಮಡಿಯಂತೆ ಲೋಟದ ತಳದಲ್ಲಿ ನಿಂತವು. ಕೆಲವು ಮತ್ತೆ ಮೇಲೆದ್ದು ಮತ್ತೆ ಇಳಿದವು. ನೀರಿನ ಬಣ್ಣ ಒಣಹುಲ್ಲಿನದು. ಬಾಯಿಗೆ ಬೇಯಿಸಿದ ಮುಸುಕಿನ ಜೋಳದ ತೆಳು ಸಿಹಿ, ಒಗರು ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯ ಲೋಟದಲ್ಲಿ ನೀರು ಎಳೆ ಹಸಿರು. ಮೂಗಿಗೆ ಬಂದದ್ದು ಹುರುಳಿಕಾಯಿ ಬೇಯಿಸಿದ ನೀರಿನ ವಾಸನೆ, ನಾಲಿಗೆಯ ಅಂಚಿಗೆ ಹತ್ತಿದ್ದು ಒಗರು. ಕೆಟ್ಟ ಚಹಾ ಎನ್ನಲಾರೆ. ಆದರೆ ಅದರಲ್ಲಿ ಹಳದಿ ಎಂಬುದು ಡಬ್ಬಿಯ ಮೇಲೆ ಮಾತ್ರ ಇತ್ತು.

ಎರಡು ಊರು, ಎರಡು ರುಚಿ, ಮಣ್ಣಿನ ಗುಣ ಎಂದು ಕೈತೊಳೆದುಕೊಳ್ಳಬಹುದಿತ್ತು. ಚಹಾ ಮಾರುವವರು ಹೇಳುವುದೂ ಅದನ್ನೇ: ಬೆಟ್ಟ ಇಷ್ಟು ಎತ್ತರ, ಮಂಜು ಇಷ್ಟು ದಿನ, ಮಣ್ಣು ಇಂಥದ್ದು. ಆ ಮಾತು ಅರ್ಧ ನಿಜ. ಹಳದಿ ಚಹಾದ ಮಟ್ಟಿಗೆ ಊರು ಮೂರು ಕಡೆ ಕೈಯಾಡಿಸುತ್ತದೆ: ಗಿಡದ ಬುಡದಲ್ಲಿ, ಕುಡಿಗಳನ್ನು ಸುತ್ತಿಟ್ಟ ಕಾಗದದ ಪೊಟ್ಟಣದಲ್ಲಿ, ಆ ಪೊಟ್ಟಣ ಕಟ್ಟುವವರ ಬೆರಳುಗಳಲ್ಲಿ. ಡಬ್ಬಿಯ ಮೇಲೆ ಅಚ್ಚಾಗುವುದು ಮೊದಲನೆಯದು. ಸದ್ಯಕ್ಕೆ ಎಲ್ಲಕ್ಕಿಂತ ಬೇಗ ಸವೆಯುತ್ತಿರುವುದು ಮೂರನೆಯದು.

ಚೀನಾ ವರ್ಷಕ್ಕೆ 30 ಲಕ್ಷ ಟನ್‌ಗೂ ಹೆಚ್ಚು ಚಹಾ ತಯಾರಿಸುತ್ತದೆ. ಅದರಲ್ಲಿ ಹಳದಿ ಚಹಾದ ಪಾಲು ಶೇ 1ನ್ನೂ ಮುಟ್ಟುವುದಿಲ್ಲ. ಹಸಿರು, ಬಿಳಿ, ಊಲಾಂಗ್, ನಾವು ಕುಡಿಯುವ ಕಪ್ಪು ಚಹಾ ಎಲ್ಲಕ್ಕೂ ಗಿಡ ಒಂದೇ. ಹೆಸರು ಬದಲಾಗುವುದು ಕಿತ್ತ ಮೇಲೆ ನಡೆಯುವ ಸಂಸ್ಕಾರದಿಂದ. ಹಳದಿ ಚಹಾದ ಆರಂಭ ಹಸಿರು ಚಹಾದಂತೆಯೇ. ಕಿತ್ತ ಕುಡಿಗಳನ್ನು ಬಿಸಿ ಬಾಣಲೆಯಲ್ಲಿ ಹೊರಳಿಸಿ ಎಲೆಯೊಳಗಿನ ಕಿಣ್ವಗಳನ್ನು ಕೊಲ್ಲುತ್ತಾರೆ. ಹಸಿರು ಚಹಾವಾದರೆ ಕೂಡಲೇ ಒಣಗಿಸಿ ಮುಗಿಸುತ್ತಾರೆ. ಹಳದಿ ಚಹಾದಲ್ಲಿ ಹಾಗಲ್ಲ. ಇನ್ನೂ ಬೆಚ್ಚಗೆ, ಇನ್ನೂ ತೇವವಾಗಿ ಇರುವಾಗಲೇ ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿ, ಇಲ್ಲವೇ ರಾಶಿ ಹಾಕಿ, ಗಾಳಿಯಾಡದಂತೆ ಮುಚ್ಚಿಡುತ್ತಾರೆ. ಚೀನಿಯರು ಇದನ್ನು ‘ಮೆನ್‌ಹುವಾಂಗ್’ ಎನ್ನುತ್ತಾರೆ, ಧಗೆಯಲ್ಲಿ ಮುಚ್ಚಿಟ್ಟು ಹಳದಿಯಾಗಿಸುವುದು ಎಂದು ಅರ್ಥ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಒಳಗಿನ ಕಾವು ಮತ್ತು ತೇವದಲ್ಲಿ ಕ್ಲೋರೊಫಿಲ್ ಒಡೆದು ಹಸಿರು ಕಳೆಯುತ್ತದೆ. ಒಗರಿಗೆ ಕಾರಣವಾದ ಕ್ಯಾಟೆಚಿನ್‌ಗಳಲ್ಲಿ ಒಂದು ಪಾಲು ರೂಪಾಂತರವಾಗುತ್ತದೆ, ಒಂದು ಪಾಲು ಕರಗುತ್ತದೆ. ಹೆಚ್ಚು ಹೊತ್ತು ಇಟ್ಟರೆ ಮುಗ್ಗಲು ವಾಸನೆ, ಬೇಗ ತೆಗೆದರೆ ಹಸಿರು ಚಹಾ. ನಡುವಿನ ಹದವನ್ನು ಗಡಿಯಾರ ನೋಡಿ ಹೇಳಲಾಗುವುದಿಲ್ಲ.

ಇನ್ನು ಊರುಗಳ ವಿಚಾರ. ಹುನಾನ್‌ನ ಯುಯೆಯಾಂಗ್ ನಗರದ ಬಳಿ ಡೊಂಗ್‌ಟಿಂಗ್ ಸರೋವರವಿದೆ. ಒಂದು ಕಾಲಕ್ಕೆ ಚೀನಾದ ಅತಿ ದೊಡ್ಡ ಸಿಹಿನೀರಿನ ಸರೋವರ. ಹೂಳು ಮತ್ತು ಒತ್ತುವರಿಯಿಂದ ಕುಗ್ಗಿ ಈಗ ಎರಡನೆಯ ಸ್ಥಾನಕ್ಕೆ ಇಳಿದಿದೆ. ಅದರೊಳಗಿನ ಜುನ್‌ಶಾನ್ ದ್ವೀಪದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಅಷ್ಟರಲ್ಲಿ 72 ಗುಡ್ಡಗಳಿವೆ ಎಂದು ಲೆಕ್ಕ. ಪುರಾಣದ ಶುನ್ ಚಕ್ರವರ್ತಿಯ ಇಬ್ಬರು ಪತ್ನಿಯರು ಗಂಡ ಸತ್ತ ಸುದ್ದಿ ಕೇಳಿ ಇಲ್ಲಿ ಅತ್ತರಂತೆ, ಕಣ್ಣೀರು ಬಿದ್ದು ಬಿದಿರಿನ ಮೇಲೆ ಕಲೆಗಳಾದವಂತೆ. ಗುಡಿ, ಸಮಾಧಿ, ಬಿದಿರುಮೆಳೆ, ಪ್ರವಾಸಿಗಳ ದಾರಿ ಎಲ್ಲ ಬಿಟ್ಟು ಉಳಿದ ಜಾಗದಲ್ಲಿ ಚಹಾ.

ಅಲ್ಲಿ ಕೀಳುವುದು ಕುಡಿಯನ್ನು ಮಾತ್ರ, ಪಕ್ಕದ ಎಲೆಯನ್ನೂ ಅಲ್ಲ. ಮಳೆ ಬಂದ ದಿನ ಕೀಳಬಾರದು, ಇಬ್ಬನಿ ಆರದೆ ಕೀಳಬಾರದು, ನೇರಳೆ ಬಣ್ಣ ತಿರುಗಿದ ಕುಡಿ, ಪೊಳ್ಳು ಕುಡಿ, ಬಿರಿದ ಕುಡಿ, ಚಳಿ ಬಡಿದದ್ದು, ಹುಳು ಕಚ್ಚಿದ್ದು, ಸೊರಗಿದ್ದು, ಅಳತೆ ಮೀರಿದ್ದು ಯಾವುದೂ ಕೂಡದು. ಹೀಗೆ ಒಂಬತ್ತು ನಿಷೇಧಗಳ ಪಟ್ಟಿಯೇ ಇದೆ. ಬುಟ್ಟಿಗೆ ಒಳಗಡೆ ಬಟ್ಟೆ ಹಾಸಿರುತ್ತಾರೆ, ಬಿದಿರಿಗೆ ಉಜ್ಜಿ ಕುಡಿಯ ಮೇಲಿನ ನವಿರು ಕೂದಲು ಉದುರದಿರಲಿ ಎಂದು. ಅರ್ಧ ಕಿಲೋ ಚಹಾಕ್ಕೆ ಸುಮಾರು 25,000 ಕುಡಿಗಳು ಬೇಕು ಎನ್ನುವುದು ರೂಢಿಯ ಲೆಕ್ಕ. ಒಂದು ಚದರ ಕಿಲೋಮೀಟರಿಗಿಂತ ಸಣ್ಣ ದ್ವೀಪದ ಒಂದು ಭಾಗದಲ್ಲಿ, ವರ್ಷಕ್ಕೆ ಕೆಲವೇ ದಿನ, ಇಂಥ ಕುಡಿ ಎಷ್ಟು ಸಿಗಬಹುದು? ಷಾಂಘೈನಿಂದ ಲಂಡನ್‌ವರೆಗೆ ಎಲ್ಲ ಅಂಗಡಿಗಳ ಜುನ್‌ಶಾನ್ ಯಿನ್‌ಜೆನ್ ಆ ದ್ವೀಪದ್ದೇ ಎಂದು ನಂಬಲು ಗಣಿತ ಮರೆತಿರಬೇಕು.

ದ್ವೀಪದ ಕುಡಿಗೂ ದಡದ ಕುಡಿಗೂ ವ್ಯತ್ಯಾಸವಿದೆಯೇ? ಇರಲು ಕಾರಣಗಳಂತೂ ಇವೆ. ಚಹಾ ಗಿಡದಲ್ಲಿ ಥಿಯನೈನ್ ಎಂಬ ಅಮೈನೊ ಆಮ್ಲ ಬೇರಿನಲ್ಲಿ ತಯಾರಾಗಿ ಚಿಗುರಿಗೆ ಏರುತ್ತದೆ. ಚಹಾದ ಮೆಲುಸಿಹಿಗೆ, ಬಾಯಿತುಂಬುವ ಗುಣಕ್ಕೆ ಅದೇ ಮುಖ್ಯ. ಬಿಸಿಲು ಹೆಚ್ಚಾದಷ್ಟೂ ಅದು ಒಡೆದು, ಅದರ ಒಂದು ಭಾಗ ಒಗರಿನ ಕ್ಯಾಟೆಚಿನ್ ಕಟ್ಟಲು ಬಳಕೆಯಾಗುತ್ತದೆ. ಹಾಗಾಗಿ ಮಂಜು ಮುಸುಕಿ ಬೆಳಕು ಸೋಸಿ ಬೀಳುವ ಜಾಗದಲ್ಲಿ ಸಿಹಿಯ ಕಡೆಗೆ ತೂಕ, ಬಿಸಿಲು ಚುರುಗುಟ್ಟುವ ಜಾಗದಲ್ಲಿ ಒಗರಿನ ಕಡೆಗೆ ತೂಕ. ಸುತ್ತಲಿನ ನೀರು ಹಗಲು ಹೀರಿದ ಶಾಖವನ್ನು ರಾತ್ರಿ ಬಿಡುವುದರಿಂದ, ವಸಂತದಲ್ಲಿ ಮರುಕಳಿಸುವ ಚಳಿಯ ಏಟು ದ್ವೀಪಕ್ಕೆ ಸ್ವಲ್ಪ ಕಡಿಮೆ. ಮಣ್ಣು ಮರಳು ಬೆರೆತದ್ದು, ನೀರು ನಿಲ್ಲುವುದಿಲ್ಲ. ಆಮ್ಲೀಯವಾಗಿದ್ದರೇ ಚಹಾ ಗಿಡಕ್ಕೆ ಸಂತೋಷ. ಮಟ್ಟುಗುಳ್ಳ ಬದನೆಯ ಬೀಜವನ್ನು ಬೇರೆ ಕಡೆ ಬಿತ್ತಿದರೆ ಗುಳ್ಳ ಬರುತ್ತದೆ, ಮಟ್ಟುವಿನ ರುಚಿ ಬರುವುದಿಲ್ಲ ಎನ್ನುವ ಉಡುಪಿಯವರಿಗೆ ಇದರಲ್ಲಿ ಅಚ್ಚರಿ ಇರಲಾರದು.

ಆದರೆ ‘ಸರೋವರದ ನಡುವಿನ ದ್ವೀಪ’ ಎಂದಾಗ ನಮ್ಮ ಕಣ್ಣಿಗೆ ಬರುವ ಚಿತ್ರ ವರ್ಷವಿಡೀ ನಿಜವಲ್ಲ. ಡೊಂಗ್‌ಟಿಂಗ್ ಋತುಮಾನದ ಸರೋವರ. ಬೇಸಿಗೆಯ ಪ್ರವಾಹದಲ್ಲಿ ಒಂದೇ ಹಾಸು ನೀರು, ಬತ್ತಿದಾಗ ನಾಲ್ಕಾರು ಗೆರೆ ಎಂದು ಅಲ್ಲಿಯ ಗಾದೆ. ಚಳಿಗಾಲದಲ್ಲಿ ನೀರು ಸರಿದು ಹುಲ್ಲುಗಾವಲು ಮೇಲೇಳುತ್ತದೆ. ಜುನ್‌ಶಾನ್‌ಗೆ ನೆಲದ ಮೇಲೆಯೇ ಹೋಗಬಹುದು. ಕುಡಿ ಕೀಳುವುದು ಮಾರ್ಚ್ ಕೊನೆ, ಏಪ್ರಿಲ್ ಆರಂಭದಲ್ಲಿ, ನೀರು ಇನ್ನೂ ಏರಬೇಕಾದ ಹೊತ್ತಿಗೆ. ಸರೋವರ ಕೂಡಿಕೊಂಡಿರುವ ಯಾಂಗ್‌ಟ್ಸಿ ನದಿಯ ಮೇಲ್ಭಾಗದಲ್ಲಿ ತ್ರೀ ಗಾರ್ಜಸ್ ಅಣೆಕಟ್ಟು 2003ರಲ್ಲಿ ನೀರು ತುಂಬಿಸಲು ಆರಂಭಿಸಿದ ಮೇಲೆ ಶರತ್ಕಾಲದಲ್ಲಿ ಸರೋವರ ಬೇಗ ಬತ್ತತೊಡಗಿದೆ. ಮರುವರ್ಷದ ಕುಡಿಗೆ ಗಿಡ ಬಲ ಕೂಡಿಸಿಕೊಳ್ಳುವುದು ಆ ಶರತ್ಕಾಲದಲ್ಲೇ. 2022ರಲ್ಲಿ ಯಾಂಗ್‌ಟ್ಸಿ ಕಣಿವೆಗೆ ಭೀಕರ ಬರ ಬಂದು, ತುಂಬಿ ತುಳುಕಬೇಕಾದ ಆಗಸ್ಟ್‌ನಲ್ಲಿ ಡೊಂಗ್‌ಟಿಂಗ್‌ನ ತಳ ಬಿರುಕು ಬಿಟ್ಟಿತು. ಊರು ಎಂಬುದು ನಕ್ಷೆಯಲ್ಲಿ ಕದಲುವುದಿಲ್ಲ ನಿಜ. ಚಹಾ ಗಿಡ ನಕ್ಷೆಯನ್ನು ಹೀರುವುದಿಲ್ಲ, ಆ ವರ್ಷದ ನೀರನ್ನು ಹೀರುತ್ತದೆ.

ಸಿಚುವಾನ್‌ನ ಮೆಂಗ್‌ಡಿಂಗ್ ಬೆಟ್ಟದ ಕಥೆ ಬೇರೆ. ಟಿಬೆಟ್ ಪ್ರಸ್ಥಭೂಮಿ ಮೇಲೇಳುವ ಅಂಚಿನಲ್ಲಿ, ಯಾಆನ್ ಪಟ್ಟಣದ ಬಳಿ, ಸುಮಾರು 1,450 ಮೀಟರ್ ಎತ್ತರದ ಬೆಟ್ಟ. ಸಿಚುವಾನ್ ಬೋಗುಣಿಯ ತೇವಗಾಳಿ ಇಲ್ಲಿ ಗೋಡೆಗೆ ಬಡಿದಂತೆ ನಿಂತು ಸುರಿಯುತ್ತದೆ. ಯಾಆನ್‌ಗೆ ‘ಮಳೆಯ ನಗರ’ ಎಂದೇ ಹೆಸರು. ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಮಳೆ. ಆಗುಂಬೆಯ ಜಡಿಮಳೆಯಲ್ಲ, ಹನಿಹನಿಯಾಗಿ ಮುಗಿಯದ ಜಿಟಿಜಿಟಿ. ಸಿಚುವಾನ್‌ನ ನಾಯಿಗಳು ಸೂರ್ಯ ಕಂಡರೆ ಬೊಗಳುತ್ತವೆ ಎಂದು ಚೀನಿಯರ ಹಳೆಯ ಮಾತು. ಅಷ್ಟು ಅಪರೂಪ ಬಿಸಿಲು. ಕ್ರಿ.ಪೂ. 53ರಲ್ಲಿ ವು ಲಿಝೆನ್ ಎಂಬಾತ ಇಲ್ಲಿ ಏಳು ಚಹಾ ಗಿಡ ನೆಟ್ಟನೆಂದು ಐತಿಹ್ಯ. ಯಾಂಗ್‌ಟ್ಸಿಯ ನಡುಹೊಳೆಯ ನೀರು, ಮೆಂಗ್ ಬೆಟ್ಟದ ತುದಿಯ ಚಹಾ ಎಂಬ ಜೋಡಿಮಾತನ್ನು ಇಂದಿಗೂ ಚಹಾ ಅಂಗಡಿಗಳ ಬಾಗಿಲಲ್ಲಿ ಬರೆದಿರುತ್ತಾರೆ.

ಊರೇ ಎಲ್ಲವೂ ಎನ್ನುವ ವಾದವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಇದೇ ಬೆಟ್ಟದಲ್ಲಿ ಮೆಂಗ್‌ಡಿಂಗ್ ಗಾನ್‌ಲು ಎಂಬ ಹಸಿರು ಚಹಾವೂ ಮೆಂಗ್‌ಡಿಂಗ್ ಹುವಾಂಗ್ಯಾ ಎಂಬ ಹಳದಿ ಚಹಾವೂ ಆಗುತ್ತವೆ. ಅದೇ ಮಳೆ, ಅದೇ ಮಣ್ಣು, ಕೆಲವೊಮ್ಮೆ ಅದೇ ತೋಟ. ಹಳದಿಗೆ ಬೇಕಾದ ಕುಡಿಯನ್ನು ಬಿಸಿಯಿರುವಾಗಲೇ ಕಾಗದದಲ್ಲಿ ಸುತ್ತಿ, ಬಿಚ್ಚಿ, ಹುರಿದು, ಮತ್ತೆ ಸುತ್ತಿ, ಹೀಗೆ ಹಂತಹಂತವಾಗಿ ಮಾಗಿಸುತ್ತಾರೆ. ಕೊನೆಗೆ ಕುಡಿದು ನೋಡಿದರೆ ಈ ಎರಡರ ನಡುವಿನ ಅಂತರ, ಸಾವಿರ ಕಿಲೋಮೀಟರ್ ಆಚೆಯ ಎರಡು ಹಸಿರು ಚಹಾಗಳ ನಡುವಿನ ಅಂತರಕ್ಕಿಂತ ದೊಡ್ಡದು.

ಜುನ್‌ಶಾನ್‌ನಲ್ಲಿ ಇದೇ ಕೆಲಸದ ಬಗೆ ಬೇರೆ. ಒಂದು, ಒಂದೂವರೆ ಕಿಲೋ ಕುಡಿಯನ್ನು ದಪ್ಪ ಕಂದು ಕಾಗದದ ಎರಡು ಪದರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು 40ರಿಂದ 48 ಗಂಟೆ ಬಿಡುತ್ತಾರೆ. ನಡುವೆ ಒಮ್ಮೆ ಪೊಟ್ಟಣ ತಿರುಗಿಸಿಡಬೇಕು, ಒಳಗೆ ಕಾವು ಏರಿರುತ್ತದೆ. ಬಳಿಕ ಹದವಾಗಿ ಒಣಗಿಸಿ ಇನ್ನೊಮ್ಮೆ ಸುತ್ತಿ 20 ಗಂಟೆಯ ಆಸುಪಾಸು. ಎಲ್ಲ ಸೇರಿ ಮೂರು ದಿನ. ಆ ದಿನ ಹೊರಗೆ ಚಳಿಯಿದ್ದರೆ ಹೆಚ್ಚು ಹೊತ್ತು, ಸೆಕೆಯಿದ್ದರೆ ಕಡಿಮೆ ಹೊತ್ತು. ಸರೋವರದ ಮೇಲಿನ ತೇವಗಾಳಿ ಎರಡನೆಯ ಸಲ ಚಹಾದೊಳಗೆ ಹೊಗುವುದು ಇಲ್ಲಿ, ಗಿಡದಿಂದ ಬೇರೆಯಾದ ಮೇಲೆ. ಹುವೊಶಾನ್‌ನ ಪದ್ಧತಿಯಲ್ಲಿ ಕಾಗದವೇ ಇಲ್ಲ. ಅರೆ ಒಣಗಿಸಿದ ಕುಡಿಯನ್ನು ರಾಶಿ ಮಾಡಿ ಒಂದೆರಡು ದಿನ ಬಿಡುವುದು. ಅದೇ ಸೀಮೆಯ ಬಡವರ ಹಳದಿ ಚಹಾ, ಕಡ್ಡಿ ಸಮೇತ ದೊಡ್ಡ ಎಲೆಯದ್ದು, ಬುಟ್ಟಿಯಲ್ಲಿ ಐದಾರು ದಿನ ಕೂತು ಕೊನೆಗೆ ಜೋರು ಬೆಂಕಿ ಕಾಣುತ್ತದೆ. ಹುರಿದ ಅಕ್ಕಿಯ ತಳ ಹಿಡಿದ ವಾಸನೆ ಅದಕ್ಕೆ. ಹೀಗಿರುವಾಗ ಮೂರು ಊರಿನ ಮೂರು ಲೋಟಗಳನ್ನು ಮುಂದಿಟ್ಟುಕೊಂಡು ‘ನೋಡಿ, ಮಣ್ಣಿನ ವ್ಯತ್ಯಾಸ’ ಎನ್ನುವುದು, ಬಿಸಿಬೇಳೆಬಾತ್ ಮತ್ತು ಪುಳಿಯೋಗರೆಯ ವ್ಯತ್ಯಾಸವನ್ನು ಅಕ್ಕಿಯ ತಲೆಗೆ ಕಟ್ಟಿದಂತೆ.

ಮಾಗಿಸುವಿಕೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಮಣ್ಣು ಬರೆದದ್ದರಲ್ಲಿ ಸ್ವಲ್ಪವನ್ನು ಅಳಿಸುತ್ತದೆ. ಹಸಿರು ಚಹಾದಲ್ಲಿ ತೋಟದಿಂದ ತೋಟಕ್ಕೆ ಎದ್ದು ಕಾಣುವುದು ಒಗರಿನ ಮಟ್ಟ ಮತ್ತು ಹಸಿ ಪರಿಮಳ. ಪೊಟ್ಟಣದೊಳಗೆ ಮೊದಲು ಮಂಕಾಗುವುದು ಇವೆರಡೇ. ಅಮೈನೊ ಆಮ್ಲಗಳ ಸಿಹಿ ಬಹುಮಟ್ಟಿಗೆ ಉಳಿಯುತ್ತದೆ. ಎಂದರೆ ಒಳ್ಳೆಯ ಜಾಗದ ಕುಡಿಯ ಒಳ್ಳೆಯ ಗುಣ ಹಳದಿ ಚಹಾದಲ್ಲಿ ಕಾಣುತ್ತದೆ, ಸಾಧಾರಣ ಜಾಗದ ಕುಡಿಯ ದೋಷವೂ ಕೊಂಚ ಮುಚ್ಚಿಹೋಗುತ್ತದೆ. ದಡದ ತೋಟದ ಕುಡಿಯನ್ನು ಪಳಗಿದ ಕೈ ಮಾಗಿಸಿದರೆ, ದ್ವೀಪದ ಕುಡಿಯನ್ನು ಅವಸರದವನು ಕೆಡಿಸಿದ್ದಕ್ಕಿಂತ ಚೆನ್ನಾಗಿರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದು ನಮಗೆ ತೀರ ಹೊಸ ವಿಷಯವೂ ಅಲ್ಲ. ಮಂಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ಬೀಜವನ್ನು ನೆಲದ ಮೇಲೆ ಹರಡಿ, ಮುಂಗಾರಿನ ಕಡಲಗಾಳಿ ಆಡಲು ಬಿಟ್ಟು, ಮತ್ತೆಮತ್ತೆ ಕೆದರುತ್ತಾರೆ. ಬೀಜ ಊದಿಕೊಂಡು, ಹಸಿರು ಕಳೆದು, ಬಂಗಾರದ ಹಳದಿಗೆ ತಿರುಗುತ್ತದೆ, ಹುಳಿ ಇಳಿಯುತ್ತದೆ. ಇದೇ ಮಾನ್ಸೂನ್ಡ್ ಮಲಬಾರ್ ಕಾಫಿ, ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಪಡೆದದ್ದು. ಹಾಯಿಹಡಗಿನ ಕಾಲದಲ್ಲಿ ಯುರೋಪಿಗೆ ತಿಂಗಳುಗಟ್ಟಲೆ ಸಾಗುವಾಗ ತೇವ ಹೊಡೆದು ಬಣ್ಣಗೆಟ್ಟ ಬೀಜಕ್ಕೆ ಅಲ್ಲಿಯ ಜನರ ನಾಲಿಗೆ ಒಗ್ಗಿಹೋಗಿತ್ತು. ವೇಗದ ಹಡಗುಗಳು ಬಂದಾಗ ಆ ‘ದೋಷ’ವನ್ನು ದಡದಲ್ಲೇ ಬೇಕೆಂದು ಮಾಡಬೇಕಾಯಿತು. ಬೀಜ ಬೆಳೆಯುವುದು ಘಟ್ಟದ ಮೇಲೆ, ಅದು ತನ್ನ ಹೆಸರು ಪಡೆಯುವುದು ಕರಾವಳಿಯ ಗಾಳಿಯಲ್ಲಿ. ಅದರ ಊರು ಯಾವುದು ಎಂದು ಕೇಳಿದರೆ ನಾನಂತೂ ಎರಡನ್ನೂ ಹೇಳುತ್ತೇನೆ.

ಹಳದಿ ಚಹಾದ ಹುಟ್ಟೂ ಇಂಥದ್ದೇ. 1597ರ ಸುಮಾರಿಗೆ ಶು ಸಿಶು ಎಂಬ ಚಹಾ ಪಂಡಿತ ತನ್ನ ‘ಚಾ ಶು’ ಕೃತಿಯಲ್ಲಿ ಹುವೊಶಾನ್ ಸೀಮೆಯವರನ್ನು ಬೈದಿದ್ದಾನೆ. ಅಲ್ಲಿಯ ಜನಕ್ಕೆ ಚಹಾ ಮಾಡಲು ಬರುವುದಿಲ್ಲ, ಅಡುಗೆಯ ಬಾಣಲೆಯಲ್ಲೇ ದೊಡ್ಡ ಸೌದೆ ಒಟ್ಟಿ ಹುರಿಯುತ್ತಾರೆ, ಬಿಸಿಬಿಸಿಯಾಗಿಯೇ ಬಿದಿರಿನ ದೊಡ್ಡ ಬುಟ್ಟಿಗೆ ತುಂಬುತ್ತಾರೆ, ಒಳ್ಳೆಯ ಹಸಿರು ಚಿಗುರೂ ಬಾಡಿ ಹಳದಿಯಾಗುತ್ತದೆ ಎಂದು ಅವನ ದೂರು. ಇಂದು ಪರಂಪರೆ ಎಂದು ಕರೆಯುವುದನ್ನು ಅವನು ಹಳ್ಳಿಗರ ಅನಾಡಿತನ ಎಂದು ಬರೆದಿಟ್ಟ. ಹುವೊಶಾನ್ ಹುವಾಂಗ್ಯಾ ಎಂಬ ಹೆಸರು ಅದಕ್ಕೂ ಹಳೆಯದು, ಒಂಬತ್ತನೆಯ ಶತಮಾನದ ಬರಹದಲ್ಲೇ ಬರುತ್ತದೆ. ಆದರೆ ಆಗ ಚಹಾವನ್ನು ಹಬೆಯಲ್ಲಿ ಬೇಯಿಸಿ ಕುಟ್ಟಿ ಬಿಲ್ಲೆ ಮಾಡುತ್ತಿದ್ದ ಕಾಲ. ಊರು ಅದೇ, ಹೆಸರು ಅದೇ, ಲೋಟದಲ್ಲಿದ್ದದ್ದು ಬೇರೆ. ನಡುವೆ ಕಳೆದುಹೋಗಿದ್ದ ತಯಾರಿಕೆಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದು 1970ರ ದಶಕದ ಆರಂಭದಲ್ಲಿ.

ಈಗ ಅದೇ ಹುವೊಶಾನ್‌ನಲ್ಲಿ ಹಳದಿ ಮತ್ತೆ ಮಸುಕಾಗುತ್ತಿದೆ. ಕಾರಣ ಮಾರುಕಟ್ಟೆ. ಚೀನಾದಲ್ಲಿ ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮೊದಲು ಬಂದ ಚಹಾಕ್ಕೆ ಎಲ್ಲಿಲ್ಲದ ಬೆಲೆ, ದಿನ ಕಳೆದಂತೆ ಬೆಲೆ ಇಳಿಯುತ್ತದೆ. ಕಿತ್ತ ದಿನವೇ ಹಸಿರು ಚಹಾ ಮಾಡಿ ಮಾರಬಹುದಾದಾಗ, ಎರಡು ಮೂರು ದಿನ ಕಾದು, ಆಳಿಗೆ ಕೂಲಿ ಕೊಟ್ಟು, ಮುಗ್ಗಿಹೋಗುವ ಭಯ ಹೊತ್ತು, ಕೊನೆಗೆ ನೋಡಲು ಮಂಕಾದ ಸರಕನ್ನು ಯಾರು ಮಾಡುತ್ತಾರೆ? ಗಿರಾಕಿ ಡಬ್ಬಿ ತೆರೆದು ಹಸಿರು ಹೊಳಪನ್ನೇ ಹುಡುಕುತ್ತಾನೆ. ಹಾಗಾಗಿ ಮಾಗಿಸುವ ಗಂಟೆಗಳು ಕಡಿಮೆಯಾಗುತ್ತ, ಎಷ್ಟೋ ಕಡೆ ಇಲ್ಲವೇ ಆಗುತ್ತ ಬಂದಿವೆ. ಹೆಸರು ಮಾತ್ರ ಹಳದಿ ಕುಡಿಯದೇ. ನನ್ನ ಎರಡನೆಯ ಲೋಟದ ಹುರುಳಿಕಾಯಿ ವಾಸನೆಗೆ ಬೆಟ್ಟದ ಮಣ್ಣು ಜವಾಬ್ದಾರಿಯಲ್ಲ.

ಗಿಡಗಳೂ ಬದಲಾಗಿವೆ. ಬೀಜದಿಂದ ಬೆಳೆದ ನಾಡತಳಿಯ ತೋಟದಲ್ಲಿ ಒಂದೊಂದು ಗಿಡ ಒಂದೊಂದು ದಿನ ಚಿಗುರುತ್ತದೆ. ವಾರ ಮೊದಲೇ, ಒಟ್ಟಿಗೇ ಚಿಗುರುವ, ಟೊಂಗೆ ನೆಟ್ಟು ಬೆಳೆಸುವ ತಳಿಗಳು ಬಂದ ಮೇಲೆ ಹಳೆಯ ಗಿಡ ಉಳಿಸಿಕೊಳ್ಳಲು ಕಾರಣ ಉಳಿಯಲಿಲ್ಲ. ಫುಜಿಯಾನ್ ಕರಾವಳಿಯ ಫುಡಿಂಗ್ ದಾಬಾಯ್ ತಳಿ ಇಂದು ಚೀನಾದ ಉದ್ದಗಲಕ್ಕೂ ಇದೆ. ಮೆಂಗ್‌ಡಿಂಗ್‌ನ ಮಣ್ಣಿನಲ್ಲಿ ಬೆಳೆದ ಫುಜಿಯಾನ್ ಗಿಡದ ಕುಡಿ ಯಾವ ಊರಿನದು ಎಂದು ತೀರ್ಮಾನಿಸುವುದು ಕಾನೂನಿಗೆ ಸುಲಭ, ನಾಲಿಗೆಗೆ ಕಷ್ಟ.

ಊರಿನ ಹೆಸರನ್ನು ಕಾಯಲು ವಿಜ್ಞಾನ ಬೇಕಾದಷ್ಟಿದೆ. ಮಳೆನೀರಿನ ಹೈಡ್ರೋಜನ್, ಆಮ್ಲಜನಕಗಳ ಐಸೊಟೋಪುಗಳ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳ) ಪ್ರಮಾಣ, ಮಣ್ಣಿನ ಸೂಕ್ಷ್ಮ ಧಾತುಗಳ ಗುರುತು ಎಲೆಯಲ್ಲಿ ಉಳಿಯುತ್ತದೆ. ಅದನ್ನು ಅಳೆದು ಚಹಾದ ಮೂಲ ಪತ್ತೆಹಚ್ಚುವ ಕೆಲಸ ಪ್ರಯೋಗಾಲಯಗಳಲ್ಲಿ ನಡೆದಿದೆ. ಅವು ಮಳೆಯನ್ನೂ ಮಣ್ಣನ್ನೂ ಹೇಳುತ್ತವೆ, ಪೊಟ್ಟಣವನ್ನು ಯಾವಾಗ ತಿರುಗಿಸಿಟ್ಟರು ಎಂದು ಹೇಳುವುದಿಲ್ಲ. ಲೋಟದಲ್ಲಿ ಕುಡಿ ನೆಟ್ಟಗೆ ನಿಂತರೆ ಅಸಲಿ ಎಂಬ ಜನಜನಿತ ಪರೀಕ್ಷೆಯೂ ಪೊಳ್ಳು. ಕುಡಿಯಿಂದಷ್ಟೇ ಮಾಡಿದ ಎಷ್ಟೋ ಹಸಿರು ಚಹಾಗಳೂ ಹಾಗೆಯೇ ನಿಲ್ಲುತ್ತವೆ. ನೋಡಲು ಮಾತ್ರ ಬಲು ಚೆಂದ.

ಬರದ ಅದೇ ವರ್ಷ, 2022ರ ನವೆಂಬರ್ 29ರಂದು, ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜುನ್‌ಶಾನ್ ಯಿನ್‌ಜೆನ್ ತಯಾರಿಕೆಯ ಕೌಶಲವೂ ಅದರಲ್ಲಿದೆ. ಪಟ್ಟಿಗೆ ಹೋದದ್ದು ದ್ವೀಪವಲ್ಲ, ಕೌಶಲ ಎಂಬುದನ್ನು ಡಬ್ಬಿಯ ಮೇಲೆ ಸರೋವರದ ಚಿತ್ರ ಅಚ್ಚು ಹಾಕುವವರು ಗಮನಿಸಿದರೆ ಒಳ್ಳೆಯದು. ಯುಯೆಯಾಂಗ್‌ನವರು ದ್ವೀಪದ ಆಚೆಯ ತೋಟಗಳನ್ನೂ ಸೇರಿಸಿ ‘ಯುಯೆಯಾಂಗ್ ಹಳದಿ ಚಹಾ’ ಎಂದು ಒಟ್ಟಾಗಿ ಮಾರಲು ಹೊರಟಿದ್ದಾರೆ. ಶುದ್ಧವಾದಿಗಳಿಗೆ ಇದು ಹಿಡಿಸುವುದಿಲ್ಲ. ನನಗೆ ಅದರಲ್ಲಿ ಪ್ರಾಮಾಣಿಕತೆ ಕಾಣುತ್ತದೆ: ದಡದ ಕುಡಿಯನ್ನು ದಡದ್ದೆಂದೇ ಹೇಳಿ, ಮಾಗಿಸುವುದನ್ನು ಬಿಡದಿದ್ದರೆ, ಕಲಿಯುವ ಹುಡುಗರಿಗೆ ವರ್ಷಕ್ಕೆ ನಾಲ್ಕು ದಿನದ ಬದಲು ನಾಲ್ಕು ವಾರದ ಕೆಲಸವಾದರೂ ಸಿಗುತ್ತದೆ.

ಗೆಳೆಯನಿಗೆ ಫೋನ್ ಮಾಡಿ ಎರಡನೆಯ ಡಬ್ಬಿಯ ಬಗ್ಗೆ ತಕರಾರು ಹೇಳಿದೆ. ಅವನು ಸುಮ್ಮನಿರುವ ಜಾತಿಯಲ್ಲ, ವಾಪಸು ಹೋದ ವಾರವೇ ಅಂಗಡಿಗೆ ಹೋಗಿ, ಇದನ್ನು ಎಷ್ಟು ಗಂಟೆ ಮಾಗಿಸಿದ್ದಾರೆ ಎಂದು ಕೇಳಿದನಂತೆ. ಅಂಗಡಿಯಾಕೆ ನಗುತ್ತಲೇ ಬೆಟ್ಟದ ಎತ್ತರ ಹೇಳಿದಳು. ಅವನು ಮತ್ತೆ ಗಂಟೆ ಕೇಳಿದ. ಆಕೆ ಮಂಜು ಬೀಳುವ ದಿನಗಳ ಲೆಕ್ಕ ಕೊಟ್ಟಳು.